ಹಡಗು ಬಿಟ್ಟು ದಿನಚರಿ ಹೊತ್ತು ಬಂದ ನೌಕಾಧಿಕಾರಿ

1874ರ ಮೇ 20. ಆರ್ಕ್ಟಿಕ್ ಸಮುದ್ರದಲ್ಲಿ ಹಿಮದ ನಡುವೆ ಸಿಕ್ಕಿಕೊಂಡಿದ್ದ ಒಂದು ಹಡಗಿನಿಂದ 23 ಜನ ಕೆಳಗಿಳಿದರು. ಹಡಗು ಒಡೆದಿರಲಿಲ್ಲ, ಮುಳುಗಿರಲಿಲ್ಲ. ಎರಡು ಚಳಿಗಾಲ ಅವರನ್ನು ಕಾಪಾಡಿದ ಮನೆ ಅದು. ಆದರೆ ಅದು ಇನ್ನು ಕದಲುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು. ದೋಣಿಗಳನ್ನು ಜಾರುಬಂಡಿಯ ಮೇಲೆ ಕಟ್ಟಿ, ಹೆಗಲಿಗೆ ಹಗ್ಗ ಹಾಕಿಕೊಂಡು ದಕ್ಷಿಣದ ಕಡೆ ಎಳೆಯತೊಡಗಿದರು.

ಎಳೆಯುವವನಿಗೆ ಪ್ರತಿ ಕಿಲೋ ಭಾರವೂ ಶತ್ರು. ಹಾಗಾಗಿ ಎರಡು ವರ್ಷ ಕೂಡಿಟ್ಟ ಕಲ್ಲು, ಪ್ರಾಣಿಗಳ ಮಾದರಿಗಳೆಲ್ಲ ಹೆಚ್ಚುಕಡಿಮೆ ಹಡಗಿನಲ್ಲೇ ಉಳಿದವು. ಉಪಕರಣಗಳೂ ಬಹುಪಾಲು ಉಳಿದವು. ಅಳತೆಗಳನ್ನು ಬರೆದ ದಿನಚರಿಗಳು ಮಾತ್ರ ಬಂಡಿ ಏರಿದವು. ಗಾಳಿಯ ಒತ್ತಡ, ಉಷ್ಣತೆ, ಗಾಳಿಯ ದಿಕ್ಕು, ಅಯಸ್ಕಾಂತದ ಮುಳ್ಳಿನ ಓಲಾಟ, ಧ್ರುವಜ್ಯೋತಿಯ, ಅಂದರೆ ಧ್ರುವದ ಆಕಾಶದಲ್ಲಿ ಹೊಳೆಯುವ ಬಣ್ಣದ ಬೆಳಕಿನ, ವಿವರ. ಪುಟಗಟ್ಟಲೆ ಅಂಕಿಗಳು.

ಹಡಗಿನ ಹೆಸರು 'ಟೆಗೆಟ್‌ಹಾಫ್'. ನಾಯಕ ಕಾರ್ಲ್ ವೈಪ್ರೆಖ್ಟ್, ಆಸ್ಟ್ರಿಯಾ-ಹಂಗೆರಿಯ ನೌಕಾಪಡೆಯ ಲೆಫ್ಟಿನೆಂಟ್. ಈ ತಂಡ ಭೂಪಟದಲ್ಲಿ ಇಲ್ಲದ ಒಂದು ದ್ವೀಪಸಮೂಹವನ್ನೇ ಕಂಡು ಬಂದಿತ್ತು. ವಿಯೆನ್ನಾದಲ್ಲಿ ಜನಸಾಗರ ಇವರನ್ನು ಹೊತ್ತು ಮೆರೆಸಿತು. ಆಮೇಲೆ ಒಂದು ವರ್ಷ ತುಂಬುವ ಮೊದಲೇ ಈ ಮನುಷ್ಯ ವಿಜ್ಞಾನಿಗಳ ಸಭೆಯಲ್ಲಿ ನಿಂತು, ಧ್ರುವದ ಕಡೆ ಓಡುವ ಈ ಪೈಪೋಟಿಯಿಂದ ವಿಜ್ಞಾನಕ್ಕೆ ಸಿಕ್ಕಿದ್ದು ತೀರ ಕಡಿಮೆ ಎಂದ. ತನ್ನ ಯಾತ್ರೆಯನ್ನೂ ಸೇರಿಸಿಯೇ.

ಗೆದ್ದು ಬಂದವನು ಹಾಗೇಕೆ ಹೇಳಿದ? ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ಅದೊಂದೇ ಪ್ರಶ್ನೆ. ಉತ್ತರ ಆ ದಿನಚರಿಗಳಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ಯುದ್ಧದಿಂದ ಉತ್ತರಕ್ಕೆ

ವೈಪ್ರೆಖ್ಟ್ ಹುಟ್ಟಿದ್ದು 1838ರಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ. ಸಮುದ್ರದಿಂದ ದೂರದ ಊರು. 1856ರಲ್ಲಿ ಆಸ್ಟ್ರಿಯಾದ ನೌಕಾಪಡೆ ಸೇರಿದ. ಆಗ ಆಸ್ಟ್ರಿಯಾಕ್ಕೆ ಏಡ್ರಿಯಾಟಿಕ್ ಕರಾವಳಿ ಇತ್ತು. ಟ್ರಿಯೆಸ್ಟ್, ಪೋಲಾ ಅದರ ಬಂದರುಗಳು.

1866ರ ಜುಲೈ 20ರಂದು ಲಿಸ್ಸಾ ದ್ವೀಪದ ಹತ್ತಿರ ಆಸ್ಟ್ರಿಯಾಕ್ಕೂ ಇಟಲಿಗೂ ದೊಡ್ಡ ನೌಕಾಯುದ್ಧ ನಡೆಯಿತು. ವೈಪ್ರೆಖ್ಟ್ 'ಡ್ರಾಖೆ' ಎಂಬ ಕಬ್ಬಿಣದ ಕವಚದ ಹಡಗಿನಲ್ಲಿದ್ದ. ಗುಂಡೇಟಿಗೆ ಕ್ಯಾಪ್ಟನ್ ಸತ್ತ. 27 ವರ್ಷದ ವೈಪ್ರೆಖ್ಟ್ ಹಡಗಿನ ಹೊಣೆ ಹೊತ್ತು ಅದನ್ನು ಮತ್ತೆ ಕಾಳಗಕ್ಕೆ ತಂದ. ಆ ಯುದ್ಧ ಗೆದ್ದ ಸೇನಾನಿ ಟೆಗೆಟ್‌ಹಾಫ್. ಧ್ರುವಕ್ಕೆ ಹೋದ ಹಡಗಿಗೆ ಇಟ್ಟಿದ್ದು ಅವನದೇ ಹೆಸರು. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದೆ ಸಾಹಸಿಗಳ ಪೈಪೋಟಿಯನ್ನು ಟೀಕಿಸಿದವನು ಕುರ್ಚಿ ಬಿಟ್ಟು ಏಳದ ಪಂಡಿತ ಆಗಿರಲಿಲ್ಲ. ಧೈರ್ಯದ ವಿಷಯದಲ್ಲಿ ಯಾರೂ ಅವನಿಗೆ ಪಾಠ ಹೇಳಬೇಕಾಗಿರಲಿಲ್ಲ.

ಆ ಕಾಲಕ್ಕೆ ಜರ್ಮನ್ ಭೂಗೋಳ ತಜ್ಞ ಆಗಸ್ಟ್ ಪೀಟರ್‌ಮನ್ ಒಂದು ಆಸೆ ಹುಟ್ಟಿಸಿದ್ದ. ಅಟ್ಲಾಂಟಿಕ್ ಸಾಗರದ ಪ್ರವಾಹ ಗಲ್ಫ್ ಸ್ಟ್ರೀಮ್‌ನ ಬೆಚ್ಚಗಿನ ನೀರು ಉತ್ತರಕ್ಕೆ ಹರಿಯುತ್ತದೆ, ಹಾಗಾಗಿ ಹಿಮದ ಪಟ್ಟಿಯೊಂದನ್ನು ದಾಟಿದರೆ ಧ್ರುವದ ಸುತ್ತ ತೆರೆದ ಸಮುದ್ರ ಸಿಗುತ್ತದೆ ಎಂದು ಆತ ವಾದಿಸುತ್ತಿದ್ದ. ಈಗ ಕೇಳಿದರೆ ನಗು ಬರಬಹುದು. ಆಗ ದೊಡ್ಡ ದೊಡ್ಡವರೇ ನಂಬಿದ್ದರು. ವೈಪ್ರೆಖ್ಟ್ ಕೂಡ ಅವನ ಕರೆಗೆ ಓಗೊಟ್ಟ.

1871ರಲ್ಲಿ ಒಂದು ಪರೀಕ್ಷಾ ಯಾತ್ರೆ ನಡೆಯಿತು. ಜೊತೆಗೆ ಹೋದವನು ಯೂಲಿಯಸ್ ಪಾಯರ್. ಸೈನ್ಯದ ಲೆಫ್ಟಿನೆಂಟ್, ಆಲ್ಪ್ಸ್ ಹತ್ತಿ ನಕ್ಷೆ ಬರೆದವನು, ಪೂರ್ವ ಗ್ರೀನ್‌ಲ್ಯಾಂಡ್ ನೋಡಿ ಬಂದವನು. 'ಇಸ್ಬ್ಯೋರ್ನ್' ಎಂಬ ಸಣ್ಣ ಹಡಗಿನಲ್ಲಿ, ಆರ್ಕ್ಟಿಕ್ ದ್ವೀಪಗಳಾದ ಸ್ಪಿಟ್ಸ್‌ಬರ್ಗನ್ ಮತ್ತು ನೊವಾಯಾ ಝೆಮ್ಲ್ಯಾ ನಡುವಿನ ಸಮುದ್ರಕ್ಕೆ ಹೋದರು. ಸುಮಾರು 79 ಡಿಗ್ರಿ ಅಕ್ಷಾಂಶದ ತನಕ ದಾರಿ ತೆರೆದೇ ಇತ್ತು. ಖುಷಿಯೋ ಖುಷಿ. ಮುಂದಿನ ವರ್ಷ ದೊಡ್ಡ ಹಡಗು ತಂದರೆ ಸಾಕು ಅಂದುಕೊಂಡರು.

ಮುಂದಿನ ವರ್ಷ ಅದೇ ಸಮುದ್ರಕ್ಕೆ ಬಂದರೆ, ಹಿಮ ತುಂಬಾ ದಕ್ಷಿಣದಲ್ಲೇ ಅಡ್ಡ ನಿಂತಿತ್ತು. ಸಮುದ್ರ ಅದೇ, ತಿಂಗಳೂ ಅದೇ. ಒಂದು ವರ್ಷದ ಒಂದು ನೋಟ ಎಷ್ಟು ಮೋಸ ಮಾಡಬಹುದು ಎಂದು ವೈಪ್ರೆಖ್ಟ್‌ಗೆ ಸಿಕ್ಕ ಮೊದಲ ಪೆಟ್ಟು ಇದು. ಪುಸ್ತಕ ಓದಿ ಕಲಿತದ್ದಲ್ಲ, ಹಡಗಿನ ಮೂತಿ ತಾಗಿಸಿಕೊಂಡು ಕಲಿತದ್ದು.

ಹಿಮ ಒಯ್ದ ಕಡೆಗೆ

'ಟೆಗೆಟ್‌ಹಾಫ್' 1872ರ ಜೂನ್ 13ರಂದು ಬ್ರೆಮರ್‌ಹಾಫನ್‌ನಿಂದ ಹೊರಟಿತು. ಸುಮಾರು 220 ಟನ್ನಿನ ಹಡಗು. ಹಾಯಿ, ಜೊತೆಗೆ 100 ಅಶ್ವಶಕ್ತಿಯ ಉಗಿ ಎಂಜಿನ್. ಖರ್ಚಿನ ದೊಡ್ಡ ಪಾಲು ಕೊಟ್ಟವನು ಕೌಂಟ್ ವಿಲ್ಚೆಕ್ ಎಂಬ ಶ್ರೀಮಂತ. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಹಡಗಿನಲ್ಲಿ 24 ಜನ. ನಾವಿಕರಲ್ಲಿ ಹೆಚ್ಚಿನವರು ಏಡ್ರಿಯಾಟಿಕ್ ಕರಾವಳಿಯವರು, ಬಿಸಿಲಲ್ಲಿ ಬೆಳೆದವರು. ಇವರನ್ನು ಧ್ರುವಕ್ಕೆ ಕರೆದೊಯ್ಯುವುದಾ ಎಂದು ಹಲವರು ಮೂಗು ಮುರಿದಿದ್ದರು. ವೈಪ್ರೆಖ್ಟ್‌ಗೆ ಅವರ ಮೇಲೆ ನಂಬಿಕೆ ಇತ್ತು. ನಗುನಗುತ್ತಾ ಇರಬಲ್ಲವನು ಚಳಿಯನ್ನೂ ತಡೆಯಬಲ್ಲ ಎನ್ನುವುದು ಅವನ ಲೆಕ್ಕ. ಬೆಟ್ಟ ಹತ್ತಲು ಟಿರೋಲ್‌ನಿಂದ ಇಬ್ಬರು, ವೈದ್ಯ ಹಂಗೆರಿಯವನು, ಹಾರ್ಪೂನ್ ಎಂಬ ಬೇಟೆಯ ಈಟಿ ಹಿಡಿಯಲು ಒಬ್ಬ ನಾರ್ವೇಜಿಯನ್. ಹಡಗಿನಲ್ಲಿ ಆಜ್ಞೆ ಕೊಡುತ್ತಿದ್ದದ್ದು ಇಟಾಲಿಯನ್ ಭಾಷೆಯಲ್ಲಿ. ಸಮುದ್ರದ ಮೇಲೆ ವೈಪ್ರೆಖ್ಟ್ ನಾಯಕ, ನೆಲದ ಮೇಲೆ ಪಾಯರ್ ನಾಯಕ ಎಂದು ಒಪ್ಪಂದ. ಒಂದು ಒರೆಯಲ್ಲಿ ಎರಡು ಕತ್ತಿ. ತಿಕ್ಕಾಟ ಆಗದೆ ಇರಲಿಲ್ಲ.

ಆಗಸ್ಟ್ 20-21ರ ಹೊತ್ತಿಗೆ, ನೊವಾಯಾ ಝೆಮ್ಲ್ಯಾದ ಹತ್ತಿರ, ಹಿಮ ಹಡಗನ್ನು ಸುತ್ತುವರಿಯಿತು. ಅಲ್ಲಿಂದ ಮುಂದೆ ಈ ಹಡಗು ಒಮ್ಮೆಯೂ ತಾನಾಗಿ ಚಲಿಸಲಿಲ್ಲ. ಗಾಳಿ ಮತ್ತು ಪ್ರವಾಹ ಹಿಮವನ್ನು ತಳ್ಳಿದ ಕಡೆಗೆ ಹೋಯಿತು, ಅಷ್ಟೇ. ಅಕ್ಟೋಬರ್ 13ರಂದು ಹಿಮದ ಒತ್ತಡ ಶುರುವಾಯಿತು. ಹಿಮದ ಹಲಗೆಗಳು ಒಂದರ ಮೇಲೊಂದು ಏರಿ ಹಡಗನ್ನು ಹಿಂಡುತ್ತವೆ. ಮರ ಕಿರುಗುಡುತ್ತದೆ. ತಿಂಗಳುಗಟ್ಟಲೆ ಬಟ್ಟೆ ಕಳಚದೆ, ಗಂಟು ಕಟ್ಟಿಟ್ಟುಕೊಂಡೇ ಮಲಗಿದರು. ಯಾವ ಕ್ಷಣದಲ್ಲಾದರೂ ಹಾರಿ ಓಡಬೇಕಾಗಬಹುದು. ಓಡುವುದಾದರೂ ಎಲ್ಲಿಗೆ? ಹೊರಗೆ ಕತ್ತಲು. 100ಕ್ಕೂ ಜಾಸ್ತಿ ದಿನ ಸೂರ್ಯನೇ ಇಲ್ಲ.

ಇಂಥ ಹಡಗಿನಲ್ಲಿ ಹವಾಮಾನದ ಅಳತೆ ನಿಲ್ಲಲಿಲ್ಲ. ಹಗಲು ರಾತ್ರಿ ಪಾಳಿಯ ಮೇಲೆ, ಗೊತ್ತಾದ ಹೊತ್ತಿಗೆ, ಒಬ್ಬನಲ್ಲ ಒಬ್ಬ ಎದ್ದು ಹೋಗಿ ಬ್ಯಾರೋಮೀಟರ್ ನೋಡಿ ಬರೆಯುತ್ತಿದ್ದ. ಸುಮ್ನೆ ಹೊತ್ತು ಕಳೆಯಲು ಅಲ್ಲ. ನಾಯಕನ ಕೈಯಲ್ಲಿ ಉಳಿದಿದ್ದ ಕೆಲಸ ಅದೊಂದೇ ಆಗಿತ್ತು. ಹಡಗು ಎಲ್ಲಿಗೆ ಹೋಗಬೇಕೆಂದು ಹಿಮ ತೀರ್ಮಾನಿಸುತ್ತಿತ್ತು. ಎಷ್ಟು ಗಂಟೆಗೆ ಅಳೆಯಬೇಕೆಂದು ಮಾತ್ರ ವೈಪ್ರೆಖ್ಟ್ ತೀರ್ಮಾನಿಸಬಹುದಿತ್ತು.

1873ರ ಬೇಸಿಗೆಯಲ್ಲಿ ಗರಗಸ ಹಾಕಿದರು, ಮದ್ದು ಸಿಡಿಸಿದರು. ಹಿಮ ಬಿಡಲಿಲ್ಲ. ಆಗಸ್ಟ್ 30ರಂದು, ಮಧ್ಯಾಹ್ನದ ಹೊತ್ತಿಗೆ, ಮಂಜಿನ ತೆರೆ ಸರಿದು ವಾಯವ್ಯದ ಕಡೆ ಬೆಟ್ಟಗಳು ಕಂಡವು. ಯಾವ ಭೂಪಟದಲ್ಲೂ ಇಲ್ಲದ ನೆಲ. ಚಕ್ರವರ್ತಿಯ ಹೆಸರಿನಲ್ಲಿ ಫ್ರಾನ್ಜ್ ಜೋಸೆಫ್ ಲ್ಯಾಂಡ್ ಎಂದು ಕರೆದರು. ಆದರೆ ಅದರ ಮೇಲೆ ಕಾಲಿಡಲು ನವೆಂಬರ್ 1ರ ತನಕ ಕಾಯಬೇಕಾಯಿತು. ಕಣ್ಣೆದುರಿಗಿದ್ದರೂ ಹಿಮ ಹತ್ತಿರ ಒಯ್ಯಬೇಕಲ್ಲ.

ಇಲ್ಲಿ ಒಂದು ಕಾಕತಾಳೀಯ. ನೆಲ ಕಂಡ ಮೂರನೇ ದಿನ, 1873ರ ಸೆಪ್ಟೆಂಬರ್ 2ರಂದು, ಇತ್ತ ವಿಯೆನ್ನಾದಲ್ಲಿ ಮೊದಲ ಅಂತಾರಾಷ್ಟ್ರೀಯ ಹವಾಮಾನ ಸಮ್ಮೇಳನ ಶುರುವಾಯಿತು. ಎಲ್ಲ ದೇಶಗಳೂ ಒಂದೇ ರೀತಿ ಅಳೆಯುವುದು ಹೇಗೆ ಎಂದು ಪರಿಣತರು ಚರ್ಚಿಸುತ್ತಿದ್ದರು. ಆ ಮಾತು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವನು ಹಿಮದಲ್ಲಿ ತೇಲುತ್ತಿದ್ದ.

ಒಂಟಿ ದಿನಚರಿಯ ಕಷ್ಟ

ಈ ಪ್ರಕರಣದ ಗಂಟು ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಧ್ರುವಜ್ಯೋತಿ ಹೊಳೆಯುವಾಗ ಅಯಸ್ಕಾಂತದ ಮುಳ್ಳು ಅಲ್ಲಾಡುತ್ತದೆ. ಇದು ಆಗಲೇ ಗೊತ್ತಿತ್ತು. ಯಾಕೆ ಅಲ್ಲಾಡುತ್ತದೆ, ಎಲ್ಲಿಂದ ಶುರುವಾಗುತ್ತದೆ ಎಂದು ಗೊತ್ತಿರಲಿಲ್ಲ. ವೈಪ್ರೆಖ್ಟ್‌ಗೆ ಇದರ ಬಗ್ಗೆ ಅಪಾರ ಕುತೂಹಲ. ರಾತ್ರಿಯಿಡೀ ಆಕಾಶ ನೋಡಿ ಬರೆಯುತ್ತಿದ್ದ. ಆದರೆ ಮುಳ್ಳನ್ನು ಸರಿಯಾಗಿ ಅಳೆಯಲು ಗಟ್ಟಿ ನೆಲ ಬೇಕು, ಹತ್ತಿರದಲ್ಲಿ ಕಬ್ಬಿಣ ಇರಬಾರದು. ಅವನ ಕಾಲ ಕೆಳಗಿದ್ದದ್ದು ತೇಲುವ, ತಿರುಗುವ ಹಿಮ. ಎರಡನೇ ಚಳಿಗಾಲದಲ್ಲಿ ಹಡಗು ಹೊಸದಾಗಿ ಕಂಡ ನೆಲದ ವಿಲ್ಚೆಕ್ ದ್ವೀಪದ ಪಕ್ಕ ಹೆಪ್ಪುಗಟ್ಟಿ ನಿಂತ ಮೇಲಷ್ಟೇ ನಂಬಬಹುದಾದ ಕಾಂತೀಯ ಅಳತೆ ಸಾಧ್ಯವಾಯಿತು.

ಸರಿ, ಅಳತೆ ಸಿಕ್ಕಿತು ಅಂದುಕೊಳ್ಳೋಣ. ಒಂದು ರಾತ್ರಿ 10 ಗಂಟೆಗೆ ಮುಳ್ಳು ಜೋರಾಗಿ ಓಲಾಡಿತು. ಅದೇ ಹೊತ್ತಿಗೆ ಅಲಾಸ್ಕಾದಲ್ಲೂ ಓಲಾಡಿತಾ? ಅಥವಾ ಅರ್ಧ ಗಂಟೆ ತಡವಾಗಿ? ಇಲ್ಲವೇ ಅಲ್ಲಿ ಏನೂ ಆಗಲಿಲ್ಲವಾ? ಬ್ಯಾರೋಮೀಟರ್ ಇಳಿಯಿತು, ಬಿರುಗಾಳಿ ಬಂತು. ಅದು ಯಾವ ಕಡೆಯಿಂದ ಬಂತು, ಎಷ್ಟು ದೊಡ್ಡದು? ಒಬ್ಬನೇ ಕೂತು ಬರೆದ ದಿನಚರಿ ಇದಕ್ಕೆ ಉತ್ತರ ಕೊಡಲಾರದು. ಎಷ್ಟೇ ಶ್ರದ್ಧೆಯಿಂದ ಬರೆದಿರಲಿ. ಒಂದು ಕೈಯಲ್ಲಿ ಚಪ್ಪಾಳೆ ತಟ್ಟಲು ಆಗದು, ಅಲ್ವಾ?

ಅವನಿಗಿಂತ ಮೊದಲು ಹೋದ ಯಾತ್ರಿಕರೂ ಅಳತೆ ತಂದಿದ್ದರು. ಆದರೆ ಒಬ್ಬ ಹೋದದ್ದು ಒಂದು ವರ್ಷ, ಇನ್ನೊಬ್ಬ ಹೋದದ್ದು ಮತ್ತೊಂದು ವರ್ಷ. ಒಬ್ಬನ ಉಪಕರಣ ಒಂದು ಬಗೆ, ಇನ್ನೊಬ್ಬನದು ಇನ್ನೊಂದು. ಗಡಿಯಾರವೂ ಬೇರೆ ಬೇರೆ. ಪಕ್ಕದಲ್ಲಿಟ್ಟು ನೋಡಲು ಬರುವಂತೆಯೇ ಇಲ್ಲ. ಜೀವ ಕೊಟ್ಟು ತಂದ ಅಂಕಿಗಳು ಒಂದಕ್ಕೊಂದು ಮಾತಾಡುತ್ತಿರಲಿಲ್ಲ.

ಅತ್ತ ಪಾಯರ್ ತನ್ನ ಪಾಲಿನ ಕೆಲಸ ಮಾಡುತ್ತಿದ್ದ. 1874ರ ವಸಂತದಲ್ಲಿ ನಾಯಿಗಳೊಂದಿಗೆ ಜಾರುಬಂಡಿಯಲ್ಲಿ ಉತ್ತರಕ್ಕೆ ಹೋಗಿ ದ್ವೀಪಗಳ ನಕ್ಷೆ ಬರೆದ. ಏಪ್ರಿಲ್ 12ರಂದು ಸುಮಾರು 82 ಡಿಗ್ರಿ ಮುಟ್ಟಿ ಕೇಪ್ ಫ್ಲಿಗೆಲಿ ಎಂಬಲ್ಲಿ ನಿಂತ. ಅಲ್ಲಿಂದ ಇನ್ನೂ ಉತ್ತರಕ್ಕೆ ಬೇರೆ ನೆಲ ಕಂಡಂತಾಗಿ ಅದಕ್ಕೂ ಹೆಸರಿಟ್ಟ, ಪೀಟರ್‌ಮನ್ ಲ್ಯಾಂಡ್ ಎಂದು. 1895ರಲ್ಲಿ ನಾರ್ವೆಯ ಅನ್ವೇಷಕ ನಾನ್ಸೆನ್ ಆ ಕಡೆಯಿಂದ ನಡೆದು ಬಂದಾಗ ಅಲ್ಲಿ ಅಂಥ ನೆಲ ಸಿಗಲಿಲ್ಲ. ಪಾಯರ್ ಸುಳ್ಳು ಹೇಳಿದ ಎಂದಲ್ಲ. ಆ ಹಿಮದ ಬೆಳಕಿನಲ್ಲಿ ಯಾರ ಕಣ್ಣಾದರೂ ಮೋಸ ಹೋಗುತ್ತದೆ.

ಗಾಣದೆತ್ತಿನ ನಡಿಗೆ

ಎಂಜಿನ್ ನೋಡಿಕೊಳ್ಳುತ್ತಿದ್ದ ಆಟೊ ಕ್ರಿಶ್ ಮಾರ್ಚ್‌ನಲ್ಲಿ ಕ್ಷಯದಿಂದ ತೀರಿಕೊಂಡ. ಅವನನ್ನು ವಿಲ್ಚೆಕ್ ದ್ವೀಪದಲ್ಲಿ ಮಣ್ಣು ಮಾಡಿದರು. ಉಳಿದ 23 ಜನ ಮೇ 20ಕ್ಕೆ ಹೊರಟರು.

ಆಮೇಲೆ ನಡೆದದ್ದು ಕ್ರೂರ ತಮಾಷೆಯ ಹಾಗಿದೆ. ಇವರು ದಕ್ಷಿಣಕ್ಕೆ ಎಳೆಯುತ್ತಾರೆ. ಗಾಳಿ ಹಿಮವನ್ನೇ ಉತ್ತರಕ್ಕೆ ತಳ್ಳುತ್ತದೆ. ಎರಡು ತಿಂಗಳು ಬೆವರು ಸುರಿಸಿದ ಮೇಲೆ ಲೆಕ್ಕ ಹಾಕಿದರೆ, ಹಡಗಿನಿಂದ ಸುಮಾರು 15 ಕಿಲೋಮೀಟರ್ ದೂರ ಬಂದಿದ್ದರು. ಹದಿನೈದು! ಹಡಗಿಗೆ ವಾಪಸ್ ಹೋಗೋಣ ಎಂಬ ಆಸೆ ಎಲ್ಲರಿಗೂ ಬಂತು. ಅಲ್ಲಿ ಬೆಚ್ಚಗಿನ ಕೋಣೆ ಇದೆ, ಊಟ ಇದೆ. ವೈಪ್ರೆಖ್ಟ್ ಬಿಡಲಿಲ್ಲ. ಹಿಂದೆ ಹೋದರೆ ಮೂರನೇ ಚಳಿಗಾಲ, ಅದರ ಕೊನೆಗೆ ಸಾವು ಎಂಬುದು ಅವನಿಗೆ ಸ್ಪಷ್ಟವಿತ್ತು.

ಬೇಸಿಗೆ ಮುಂದುವರಿದ ಹಾಗೆ ಹಿಮದಲ್ಲಿ ಬಿರುಕು ಬಿಟ್ಟಿತು. ಆಗಸ್ಟ್ 15ರಂದು ತೆರೆದ ನೀರು ಸಿಕ್ಕಿತು. ದೋಣಿ ಇಳಿಸಿ ಹುಟ್ಟು ಹಾಕಿದರು. ಆಗಸ್ಟ್ 24ರಂದು ನೊವಾಯಾ ಝೆಮ್ಲ್ಯಾ ತೀರದಲ್ಲಿ 'ನಿಕೊಲಾಯ್' ಎಂಬ ರಷ್ಯನ್ ಹಡಗು ಕಂಡಿತು. ಅದರ ಕ್ಯಾಪ್ಟನ್ ವೊರೊನಿನ್ ಇವರನ್ನು ಹತ್ತಿಸಿಕೊಂಡ. ಸೆಪ್ಟೆಂಬರ್ 3ಕ್ಕೆ ನಾರ್ವೆಯ ವಾರ್ಡೊ ಸೇರಿದರು. ಹಡಗು ಬಿಟ್ಟು ಹೊರಟವರಲ್ಲಿ ಒಬ್ಬನೂ ಸಾಯಲಿಲ್ಲ. ದಿನಚರಿಗಳೂ ಉಳಿದವು.

ಗ್ರಾಟ್ಸ್‌ನ ಭಾಷಣ

1875ರ ಸೆಪ್ಟೆಂಬರ್ 18ರಂದು ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಜರ್ಮನ್ ವಿಜ್ಞಾನಿಗಳು ಮತ್ತು ವೈದ್ಯರ ಸಭೆ. ವೈಪ್ರೆಖ್ಟ್ ಆರ್ಕ್ಟಿಕ್ ಸಂಶೋಧನೆಯ ಮೂಲ ತತ್ವಗಳ ಬಗ್ಗೆ ಮಾತಾಡಿದ. ಅವನ ಮಾತಿನ ಸಾರ ಇಷ್ಟು. ಪ್ರಕೃತಿಯ ನಿಯಮ ತಿಳಿಯಲು ಧ್ರುವ ಪ್ರದೇಶ ಬಹಳ ಮುಖ್ಯ. ಹೊಸ ನೆಲ ಹುಡುಕುವುದಕ್ಕೆ ಬೆಲೆ ಬರುವುದು ಅದು ಆ ಕೆಲಸಕ್ಕೆ ದಾರಿ ಮಾಡಿಕೊಟ್ಟಾಗ ಮಾತ್ರ. ಭೂಮಿಯ ಧ್ರುವಬಿಂದು ಅನ್ನುವುದು ವಿಜ್ಞಾನಕ್ಕೆ ಉತ್ತರದ ಬೇರೆ ಯಾವುದೇ ಜಾಗಕ್ಕಿಂತ ದೊಡ್ಡದೇನಲ್ಲ. ಒಂಟಿಯಾಗಿ ಮಾಡಿದ ಅಳತೆಗಳ ಬೆಲೆ ಸೀಮಿತ.

ಪರಿಹಾರವನ್ನೂ ಹೇಳಿದ. ಧ್ರುವದ ಸುತ್ತ ಒಂದು ಉಂಗುರದ ಹಾಗೆ ನಿಲ್ದಾಣಗಳು ಇರಲಿ. ನೊವಾಯಾ ಝೆಮ್ಲ್ಯಾ, ಸ್ಪಿಟ್ಸ್‌ಬರ್ಗನ್, ಗ್ರೀನ್‌ಲ್ಯಾಂಡ್, ಅಲಾಸ್ಕಾ ಕಡೆ, ಸೈಬೀರಿಯಾದ ಲೀನಾ ನದಿಯ ಮುಖ. ಪೂರ್ತಿ ಒಂದು ವರ್ಷ, ಎಲ್ಲರೂ ಒಂದೇ ಬಗೆಯ ಉಪಕರಣದಲ್ಲಿ, ಒಂದೇ ಹೊತ್ತಿಗೆ ಅಳೆಯಲಿ. ದೇಶಗಳು ಖರ್ಚು ಹಂಚಿಕೊಳ್ಳಲಿ.

ಅವನ ಸಹೋದ್ಯೋಗಿಗಳಿಗೆ ಇದು ಕೇಳಲು ಹಿತವಾಗಿರಲಾರದು. ಪಾಯರ್ ಬೇರೆಯೇ ದಾರಿ ಹಿಡಿದ. ಸೈನ್ಯ ಬಿಟ್ಟು ಚಿತ್ರಕಾರನಾದ. ಅವನ ಹೆಸರಾಂತ ಚಿತ್ರದಲ್ಲಿ ಹಿಮದ ನಡುವೆ ಸೋತು ಬಿದ್ದ ನಾವಿಕರ ಎದುರು ವೈಪ್ರೆಖ್ಟ್ ಬೈಬಲ್ ಹಿಡಿದು ನಿಂತಿದ್ದಾನೆ. 'ಹಿಂದಕ್ಕೆ ಎಂದೂ ಇಲ್ಲ' ಎಂಬುದು ಅದರ ಹೆಸರು. ಯಾವ ವೀರಗಾಥೆಯಿಂದ ಆತ ದೂರ ಸರಿಯಲು ನೋಡಿದನೋ ಅದರಲ್ಲೇ ಅವನನ್ನು ಕೂರಿಸಿದ ಚಿತ್ರ. ಜನ ಅವನನ್ನು ನೆನಪಿಡುವುದು ಹೆಚ್ಚಾಗಿ ಈ ಭಂಗಿಯಲ್ಲೇ.

ಭಾಷಣ ಮಾಡಿದ ಮಾತ್ರಕ್ಕೆ ಸರ್ಕಾರಗಳು ದುಡ್ಡು ಕೊಡುವುದಿಲ್ಲ. 1877ರಲ್ಲಿ ವೈಪ್ರೆಖ್ಟ್ ಮತ್ತು ವಿಲ್ಚೆಕ್ ಸೇರಿ ವಿವರವಾದ ಯೋಜನೆ ಬರೆದರು. ರೋಮ್‌ನ ಹವಾಮಾನ ಸಮ್ಮೇಳನದ ಮುಂದಿಡಬೇಕಿತ್ತು. ರಷ್ಯಾ-ಟರ್ಕಿ ಯುದ್ಧದಿಂದ ಸಮ್ಮೇಳನವೇ ಮುಂದೆ ಹೋಯಿತು. ಕೊನೆಗೆ 1879ರ ಏಪ್ರಿಲ್‌ನಲ್ಲಿ ಸೇರಿ ಯೋಜನೆಯನ್ನು ಮೆಚ್ಚಿತು. ಅದೇ ಅಕ್ಟೋಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಧ್ರುವ ಆಯೋಗ ಹುಟ್ಟಿತು, ಅಧ್ಯಕ್ಷ ಜರ್ಮನ್ ವಿಜ್ಞಾನಿ ನೊಯ್‌ಮಾಯರ್. ಕನಿಷ್ಠ 8 ನಿಲ್ದಾಣ ಬೇಕೆಂದು ತೀರ್ಮಾನ. ಎಂಟು ಕೂಡಲಿಲ್ಲ. 1880ರಲ್ಲಿ ಬರ್ನ್‌ನಲ್ಲಿ ಮತ್ತೆ ಸೇರಿ ಒಂದು ವರ್ಷ ಮುಂದೂಡಿದರು.

ಆ ಒಂದು ವರ್ಷ ವೈಪ್ರೆಖ್ಟ್ ಬಳಿ ಇರಲಿಲ್ಲ. ಅವನಿಗೂ ಕ್ಷಯ ಹಿಡಿದಿತ್ತು. ಅಂಥದ್ದರಲ್ಲೂ ಧ್ರುವಜ್ಯೋತಿ ಮತ್ತು ಕಾಂತೀಯ ಬದಲಾವಣೆಗಳನ್ನು ಹೇಗೆ ಗಮನಿಸಿ ಬರೆಯಬೇಕೆಂದು ಒಂದು ಕೈಪಿಡಿ ಬರೆದ. ಮುಂದೆ ಹೋಗುವ, ತಾನು ನೋಡದ ಜನರಿಗಾಗಿ. 1881ರ ಮಾರ್ಚ್ 29ರಂದು ಜರ್ಮನಿಯ ಮಿಕೆಲ್‌ಸ್ಟಾಟ್‌ನಲ್ಲಿ ತೀರಿಕೊಂಡ. ವಯಸ್ಸು 42.

ಯೋಜನೆ ಹಿಮಕ್ಕಿಳಿದಾಗ

ನೊಯ್‌ಮಾಯರ್ ನಂತರ ಹೊಣೆ ಹೊತ್ತವನು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಸ್ವಿಸ್ ವಿಜ್ಞಾನಿ ಹೈನ್ರಿಖ್ ವಿಲ್ಡ್. 1882ರ ಆಗಸ್ಟ್‌ನಿಂದ 1883ರ ಆಗಸ್ಟ್ ತನಕ ಮೊದಲ ಅಂತಾರಾಷ್ಟ್ರೀಯ ಧ್ರುವ ವರ್ಷ ನಡೆಯಿತು. ಉತ್ತರದಲ್ಲಿ 12 ಮುಖ್ಯ ನಿಲ್ದಾಣ, ದಕ್ಷಿಣದಲ್ಲಿ 2. ದೇಶಗಳು 11 ಅಂತಲೂ ಹೇಳುತ್ತಾರೆ, 12 ಅಂತಲೂ. ಬ್ರಿಟನ್-ಕೆನಡಾವನ್ನು ಒಂದಾಗಿ ಎಣಿಸುತ್ತೀರೋ ಎರಡಾಗಿಯೋ ಎನ್ನುವುದರ ಮೇಲೆ ಅದು ನಿಂತಿದೆ. ಆಸ್ಟ್ರಿಯಾದ ತಂಡ ಜಾನ್ ಮಾಯೆನ್ ದ್ವೀಪಕ್ಕೆ ಹೋಯಿತು. ಖರ್ಚು ಕೊಟ್ಟವನು ಅದೇ ವಿಲ್ಚೆಕ್.

ನಿಯಮ ಬಿಗಿಯಾಗಿತ್ತು. ಗಂಟೆಗೊಂದು ಅಳತೆ, ವರ್ಷವಿಡೀ. ತಿಂಗಳಿಗೆ ಎರಡು ದಿನ, ಸಾಮಾನ್ಯವಾಗಿ 1 ಮತ್ತು 15ನೇ ತಾರೀಕು, ಕಾಂತೀಯ ಅಳತೆಯನ್ನು 5 ನಿಮಿಷಕ್ಕೊಮ್ಮೆ ತೆಗೆಯಬೇಕು. ಆ ದಿನದ ಒಂದು ಗಂಟೆ 20 ಸೆಕೆಂಡಿಗೊಮ್ಮೆ. ಗಡಿಯಾರ ಎಲ್ಲರಿಗೂ ಒಂದೇ, ಜರ್ಮನಿಯ ಗಟಿಂಗನ್ ನಗರದ ಸಮಯ. ಅಲಾಸ್ಕಾದಲ್ಲಿ ಹಗಲಿರಲಿ, ಸೈಬೀರಿಯಾದಲ್ಲಿ ನಡುರಾತ್ರಿಯಿರಲಿ, ಎಲ್ಲರೂ ಒಂದೇ ಕ್ಷಣದಲ್ಲಿ ಮುಳ್ಳಿನ ಕಡೆ ನೋಡುತ್ತಿದ್ದರು. ಹಿಮದಲ್ಲಿ ತೇಲುತ್ತಾ ವೈಪ್ರೆಖ್ಟ್‌ಗೆ ಸಿಗದೆ ಹೋದದ್ದು ಇದೇ.

ಇದರಿಂದ ಏನು ಲಾಭ? ಒಂದು ಉದಾಹರಣೆ ಸಾಕು. ಉತ್ತರ ನಾರ್ವೆಯ ಬೊಸೆಕೊಪ್‌ನಲ್ಲಿ ನಾರ್ವೆಯ ನಿಲ್ದಾಣ. ಅದರ ದಕ್ಷಿಣಕ್ಕೆ ಕೌಟೊಕೈನೊದಲ್ಲಿ ಸೋಫಸ್ ಟ್ರೋಮ್‌ಹೋಲ್ಟ್ ಎಂಬ ಡೇನಿಶ್ ಶಿಕ್ಷಕ ಕೂತಿದ್ದ. ಎರಡೂ ಕಡೆಯವರು ಒಂದೇ ಹೊತ್ತಿಗೆ ಒಂದೇ ಧ್ರುವಜ್ಯೋತಿಯ ಕೋನ ಅಳೆದರು. ಎರಡು ಕಣ್ಣಿನಿಂದ ನೋಡಿದಾಗ ದೂರ ತಿಳಿಯುವ ಹಾಗೆ, ಎರಡು ಊರಿನಿಂದ ನೋಡಿದಾಗ ಎತ್ತರ ತಿಳಿಯಿತು. ನೂರು ಕಿಲೋಮೀಟರಿಗೂ ಮೇಲೆ! ಒಬ್ಬನೇ ನೂರು ವರ್ಷ ನೋಡಿದ್ದರೂ ಇದು ಸಿಗುತ್ತಿರಲಿಲ್ಲ.

ಹಾಗಂತ ಎಲ್ಲವೂ ಹೂವಿನ ಹಾಸಿಗೆ ಆಗಿರಲಿಲ್ಲ. ಡಚ್ಚರ ಹಡಗು 'ವಾರ್ನಾ' ಕಾರಾ ಸಮುದ್ರದ ಹಿಮದಲ್ಲಿ ಸಿಕ್ಕಿ ಮುಳುಗಿತು. ತಂಡ ಅಲ್ಲೇ ಹಿಮದಲ್ಲಿ ಸಿಕ್ಕಿದ್ದ ಒಂದು ಡೇನಿಶ್ ಹಡಗಿನ ಆಸರೆ ಪಡೆಯಿತು. ಜನ ಬದುಕಿದರು, ಆದರೆ ನಿಲ್ದಾಣ ನಿಲ್ಲಲಿಲ್ಲ.

ಅಮೆರಿಕದ್ದು ದುರಂತವೇ. ಗ್ರೀಲಿ ಎಂಬ ಸೈನ್ಯಾಧಿಕಾರಿಯ ನೇತೃತ್ವದಲ್ಲಿ 25 ಜನ 1881ರಲ್ಲೇ ಉತ್ತರದ ಲೇಡಿ ಫ್ರಾಂಕ್ಲಿನ್ ಕೊಲ್ಲಿಗೆ ಹೋಗಿದ್ದರು. ಅಳತೆ ಚೆನ್ನಾಗಿ ನಡೆಯಿತು. ಜೊತೆಗೆ 1882ರ ಮೇನಲ್ಲಿ ಲಾಕ್‌ವುಡ್ ಎಂಬ ಅಧಿಕಾರಿ 83 ಡಿಗ್ರಿ 24 ನಿಮಿಷದ ತನಕ ಹೋಗಿ, ಅತಿ ಉತ್ತರಕ್ಕೆ ಹೋದ ಬ್ರಿಟಿಷರ ದಾಖಲೆ ಮುರಿದ. ಅಂದರೆ ವೈಪ್ರೆಖ್ಟ್ ಯಾವುದು ಬೇಡ ಎಂದನೋ ಅದು ಅವನ ಯೋಜನೆಯೊಳಗೇ ನುಸುಳಿತ್ತು. ಎರಡು ವರ್ಷವೂ ನೆರವಿನ ಹಡಗು ತಲುಪಲಿಲ್ಲ. ತಂಡ ದಕ್ಷಿಣಕ್ಕೆ ಬಂದು ಕೇಪ್ ಸಬೀನ್‌ನಲ್ಲಿ ಹಸಿವಿನಿಂದ ಒಬ್ಬೊಬ್ಬರಾಗಿ ಸಾಯತೊಡಗಿತು. 1884ರ ಜೂನ್‌ನಲ್ಲಿ ರಕ್ಷಣೆ ಬಂದಾಗ 7 ಜನ ಉಸಿರಾಡುತ್ತಿದ್ದರು. ಮನೆ ತಲುಪಿದವರು 6. ಲಾಕ್‌ವುಡ್ ಅವರಲ್ಲಿರಲಿಲ್ಲ. ಹವಾಮಾನದ ದಾಖಲೆಗಳು ಮಾತ್ರ ಇಲ್ಲೂ ಉಳಿದು ಬಂದವು.

ಸ್ಪಿಟ್ಸ್‌ಬರ್ಗನ್‌ನ ಸ್ವೀಡಿಷ್ ನಿಲ್ದಾಣದಲ್ಲಿ ಆಂಡ್ರೆ ಎಂಬ ಯುವಕ ಗಾಳಿಯಲ್ಲಿನ ವಿದ್ಯುತ್ತನ್ನು ಅಳೆಯುತ್ತಿದ್ದ. ಇದೇ ಆಂಡ್ರೆ 1897ರಲ್ಲಿ ಬಲೂನಿನಲ್ಲಿ ಧ್ರುವಕ್ಕೆ ಹೊರಟು ಜೀವ ಬಿಟ್ಟ. ಧ್ರುವದ ಮೋಹ ಅಂಕಿ ಬರೆಯುವವರನ್ನೂ ಬಿಡಲಿಲ್ಲ.

ಎಲ್ಲಿ ಎಡವಿದರು

ನನ್ನ ಪ್ರಕಾರ ಯೋಜನೆಯ ದೊಡ್ಡ ಕೊರತೆ ಹಿಮದಲ್ಲಿರಲಿಲ್ಲ, ಕಚೇರಿಯಲ್ಲಿತ್ತು. ಒಟ್ಟಿಗೆ ಅಳೆಯುವುದು ಹೇಗೆಂದು ಸೆಕೆಂಡಿನ ಮಟ್ಟಕ್ಕೆ ಬರೆದಿಟ್ಟವರು, ಅಳೆದದ್ದನ್ನು ಒಟ್ಟಿಗೆ ಯಾರು ಓದಬೇಕೆಂದು ಬರೆಯಲಿಲ್ಲ. ಪ್ರತಿ ದೇಶ ತನ್ನ ಸಂಪುಟಗಳನ್ನು ತಾನೇ ಅಚ್ಚು ಹಾಕಿತು, ತನ್ನ ಭಾಷೆಯಲ್ಲಿ. ದಪ್ಪ ದಪ್ಪ ಪುಸ್ತಕಗಳು. ಎಲ್ಲವನ್ನೂ ಒಂದೆಡೆ ತಂದು ಅರ್ಥ ಬಿಡಿಸುವ ಕೇಂದ್ರ ಇರಲಿಲ್ಲ. 1891ರಲ್ಲಿ ಮ್ಯೂನಿಕ್‌ನಲ್ಲಿ ಆಯೋಗವೂ ಮುಚ್ಚಿತು. ಒಂಟಿ ದಿನಚರಿಯ ಬದಲು ಒಂಟಿ ಗ್ರಂಥಾಲಯಗಳು ಆದವು. ಯಂತ್ರದಲ್ಲಿ ಲೆಕ್ಕ ಹಾಕುವ ಕಾಲ ಅದಲ್ಲ ಎಂಬುದೂ ನಿಜ. ಲಕ್ಷಾಂತರ ಅಂಕಿಗಳನ್ನು ಕೈಯಲ್ಲಿ ಹೋಲಿಸಬೇಕಿತ್ತು.

ಆದರೂ ಪದ್ಧತಿ ಸಾಯಲಿಲ್ಲ. 50 ವರ್ಷದ ಮೇಲೆ, 1932-33ರಲ್ಲಿ, ಎರಡನೇ ಧ್ರುವ ವರ್ಷ. 1957-58ರಲ್ಲಿ ಅಂತಾರಾಷ್ಟ್ರೀಯ ಭೂಭೌತ ವರ್ಷ, ಈ ಸಲ ದತ್ತಾಂಶ ಕೂಡಿಡಲು ವಿಶ್ವ ಕೇಂದ್ರಗಳನ್ನೇ ಕಟ್ಟಿದರು. 2007ರಿಂದ 2009ರ ತನಕ ಮತ್ತೊಂದು ಧ್ರುವ ವರ್ಷ. ಅದರ ನಡುವೆಯೇ, 2008ರ ಜುಲೈನಲ್ಲಿ, ಸ್ಪಿಟ್ಸ್‌ಬರ್ಗನ್‌ನ ನಿ-ಓಲೆಸುಂಡ್‌ನಲ್ಲಿ ಭಾರತದ 'ಹಿಮಾದ್ರಿ' ನಿಲ್ದಾಣ ತೆರೆಯಿತು. ಅಂಟಾರ್ಕ್ಟಿಕಾದಲ್ಲಿ 'ಮೈತ್ರಿ' 1989ರಿಂದ, 'ಭಾರತಿ' 2012ರಿಂದ ಕೆಲಸ ಮಾಡುತ್ತಿವೆ. ಅಲ್ಲಿ ಹವಾಮಾನ ಅಳೆಯುವವರು ಇಂದಿಗೂ ಸ್ಥಳೀಯ ಗಡಿಯಾರ ನೋಡುವುದಿಲ್ಲ. ಜಗತ್ತಿಗೆಲ್ಲ ಒಂದೇ ಆದ ಸಮಯಕ್ಕೆ ಅಳೆಯುತ್ತಾರೆ.

ಫ್ರಾನ್ಜ್ ಜೋಸೆಫ್ ಲ್ಯಾಂಡ್? ಅದು 1926ರಿಂದ ರಷ್ಯನ್ನರ ಕೈಯಲ್ಲಿದೆ. ಆಸ್ಟ್ರಿಯಾದ ಬಳಿ ಈಗ ಸಮುದ್ರವೇ ಇಲ್ಲ.

ಇನ್ನೊಂದು ಸಂಗತಿ. ದಕ್ಷಿಣದ ಎರಡು ನಿಲ್ದಾಣಗಳಲ್ಲಿ ಒಂದು ದಕ್ಷಿಣ ಜಾರ್ಜಿಯಾ ದ್ವೀಪದ ಮೋಲ್ಟ್ಕೆ ಬಂದರಿನಲ್ಲಿತ್ತು, ಜರ್ಮನರದು. 1883ರ ಆಗಸ್ಟ್ ಮುಗಿಯುತ್ತಾ ಬಂದಿತ್ತು. ಒಂದು ವರ್ಷ ಮುಗಿಸಿ ಗಂಟುಮೂಟೆ ಕಟ್ಟುವ ಹೊತ್ತು. ಸಮುದ್ರದ ಏರಿಳಿತ ಬರೆಯುವ ಯಂತ್ರದ ಗೆರೆ ಇದ್ದಕ್ಕಿದ್ದ ಹಾಗೆ ಮಾಮೂಲಿ ಬಿಟ್ಟು ನಡುಗಿತು. ಅಲ್ಲಿದ್ದ ಯಾರಿಗೂ ಕಾರಣ ತಿಳಿಯುವ ದಾರಿ ಇರಲಿಲ್ಲ. ಜಾವಾದ ಪಕ್ಕ ಕ್ರಾಕಟೋವ ಜ್ವಾಲಾಮುಖಿ ಸಿಡಿದಿತ್ತು. ಆ ಕಾಗದವನ್ನು ಉಳಿದ ಬಂದರುಗಳ ಕಾಗದಗಳ ಪಕ್ಕ ಇಟ್ಟು ನೋಡಿದಾಗಲಷ್ಟೇ ಅದು ಆ ಸಿಡಿತ ಎಬ್ಬಿಸಿದ ಸಮುದ್ರದ ಅಲೆ ಎಂದು ಗೊತ್ತಾಯಿತು.